ಅತ್ತೆಯವರು ಕಲಾವಿದೆ ಹೌದೋ ಅಲ್ಲವೋ?

ಪ್ರಶ್ನೆ: ನಮ್ಮ ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ಇಂಜಿನಿಯರಿಂಗ್ ಬೇಡ, ಬಿವಿಎ (ದೃಶ್ಯಕಲೆಯ ಪದವಿ) ಸೇರಿ ಕಲಾವಿದೆ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. 'ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ?' ಅಂತ ಅವಳ ಅಪ್ಪ. ನಮ್ಮ ಅತ್ತೆ ಸಾಗರದ ಕಡೆಯ ದೀವರ ಸಮುದಾಯದವರು, ಹಬ್ಬಕ್ಕೆ ಮದುವೆಗೆ ಚಿತ್ತಾರ ಬರೆಯುತ್ತಾರೆ. 'ಅಜ್ಜಿಯೂ ಕಲಾವಿದೆ ತಾನೆ?' ಅಂತ ಮಗಳು ಕೇಳಿದರೆ, 'ನಾನ್ಯಾವ ಕಲಾವಿದೆ ಮಾರಾಯ್ತಿ, ಅದು ಮನೆ ಕೆಲಸ' ಅಂತ ನಗುತ್ತಾರೆ. ಕಲಾವಿದರು ಅಂದರೆ ಯಾರು? ಅವರಲ್ಲಿ ಎಷ್ಟು ಬಗೆ? ಬದುಕಿಗೆ ಕಲೆಯಿಂದ ನಿಜಕ್ಕೂ ಏನು ಪ್ರಯೋಜನ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯವರ ನಗುವಿನಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷ ದೃಶ್ಯಕಲೆಯ ಪಾಠ ಹೇಳಿದವನು ನಾನು. ಅವರಂದ ಮಾತನ್ನೇ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಹಜಾರಗಳಲ್ಲಿ ಕೂತು ಕೇಳಿದ್ದೇನೆ. ಮೊದಮೊದಲು ಅದನ್ನು ವಿನಯ ಅಂದುಕೊಂಡಿದ್ದೆ. 'ಅಯ್ಯೋ, ನೀವು ದೊಡ್ಡ ಕಲಾವಿದೆ ಅಮ್ಮ' ಎಂದು ಒತ್ತಾಯ ಮಾಡಿ ಒಪ್ಪಿಸಲು ನೋಡುತ್ತಿದ್ದೆ. ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಅದು ವಿನಯ ಅಲ್ಲ ಅಂತ ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಅವರು ನಿಜವನ್ನೇ ಹೇಳುತ್ತಿದ್ದರು. ಹಸೆಗೋಡೆ, ಅಂದರೆ ಮದುವೆ ಮನೆಯ ಗೋಡೆಯ ಚಿತ್ತಾರ ಬರೆಯುವುದಕ್ಕೆ ಕಲಾವಿದೆ ಎಂಬ ಪದವಿ ಬೇಕಾಗಿಲ್ಲ. ಮನೆಯಲ್ಲಿ ಮದುವೆ ಇದ್ದರೆ ಸಾಕು.

ಎಷ್ಟು ಬಗೆ ಅಂತ ಕೇಳಿದಿರಿ. ಪುಸ್ತಕದ ಲೆಕ್ಕ ಬೇಕಾದರೆ ಸುಲಭ: ಚಿತ್ರ, ಶಿಲ್ಪ, ಸಂಗೀತ, ನೃತ್ಯ, ನಾಟಕ ಎಂದು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಬಹುದು. ಅಷ್ಟನ್ನು ನಮ್ಮ ಭಾಷೆಯ ಕ್ರಿಯಾಪದಗಳೇ ಹೇಳುತ್ತವೆ. ಚಿತ್ತಾರ ಬರೆಯುತ್ತಾರೆ, ರಂಗೋಲಿ ಹಾಕುತ್ತಾರೆ, ವೇಷ ಕಟ್ಟುತ್ತಾರೆ, ಗೊಂಬೆ ಆಡಿಸುತ್ತಾರೆ, ಕಲ್ಲು ಕಡೆಯುತ್ತಾರೆ. ಆದರೆ ಈ ಪಟ್ಟಿಯಿಂದ ನಿಮ್ಮ ಮನೆಯ ಜಗಳ ಬಗೆಹರಿಯುವುದಿಲ್ಲ. ನಾನು ತರಗತಿಯಲ್ಲಿ ಬೇರೆಯೇ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಕೆಲಸ ಮುಗಿಯಲಿ ಅಂತ ಯಾರು ಕಾಯುತ್ತಿದ್ದಾರೆ? ಹಬ್ಬವೋ, ಹರಕೆ ಹೊತ್ತವರೋ, ಗಿರಾಕಿಯೋ, ಅಥವಾ ಯಾರೂ ಇಲ್ಲವೋ? ಕಲಾವಿದರ ಬಗೆ ಬೇರೆಯಾಗುವುದು ಅಲ್ಲಿ. ಕುಂಚ ಹಿಡಿದಿದ್ದಾರೋ ಚಾಣ ಹಿಡಿದಿದ್ದಾರೋ ಎಂಬುದು ಆಮೇಲಿನ ಮಾತು.

ನಿಮ್ಮ ಅತ್ತೆಯವರಿಗಾಗಿ ಕಾಯುವುದು ಹಬ್ಬ. ಭೂಮಿ ಹುಣ್ಣಿಮೆಯನ್ನೇ ತೆಗೆದುಕೊಳ್ಳಿ. ನಿಮ್ಮ ಕಡೆ ಅದನ್ನು ಸೀಗೆ ಹುಣ್ಣಿಮೆ ಅನ್ನುತ್ತಾರೇನೋ. ಭತ್ತ ಹೊಡೆಗಟ್ಟುವ ಹೊತ್ತು, ಅಂದರೆ ಭೂಮ್ತಾಯಿಗೆ ಬಸಿರು. ಅವಳಿಗೆ ಬಯಕೆ ಊಟ ಬಡಿಸಬೇಕು. ಆ ಊಟ ಗದ್ದೆಗೆ ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿ ಅರೆದ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರಕಾಗುವ ಹಾಗೆ ಹುರಿಯುತ್ತಾರೆ. ಹಳದಿ ಗುರಿಗೆ ಕಾಯಿಯಿಂದ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು, ಅದರ ತುದಿಯನ್ನು ಜಜ್ಜಿ ಬೇಕಾದಷ್ಟು ಸಣ್ಣ ಮಾಡಿಕೊಂಡದ್ದು.

ಒಮ್ಮೆ ಸಾಗರ ತಾಲ್ಲೂಕಿನ ಒಂದು ಮನೆಯಲ್ಲಿ ನಾನು ಇದನ್ನು ಪಕ್ಕದಲ್ಲೇ ಕೂತು ನೋಡಿದೆ. ಅಜ್ಜಿ ನಾರಿನ ಕುಂಚವನ್ನು ಬಿಳಿಯಲ್ಲಿ ಅದ್ದಿ, ಬಟ್ಟಲ ಅಂಚಿಗೆ ಒಮ್ಮೆ ಒರೆಸಿ, ಬುಟ್ಟಿಯ ಮೇಲೆ ಉದ್ದಕ್ಕೆ ಮಲಗಿಸಿಬಿಟ್ಟರು. ನಾವು ಕಾಲೇಜಿನಲ್ಲಿ ಹೇಳಿಕೊಡುವ ಹಾಗೆ ತುದಿಯಿಂದ ಗೀಚಲಿಲ್ಲ. ಇಡೀ ನಾರು ಒಂದೇ ಸಲ ಮಣ್ಣಿಗೆ ತಾಗಿತು, ಎತ್ತಿದಾಗ ಗೆರೆ ಅಲ್ಲಿ ಉಳಿದಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ನಡುವಿನ ಸಂದು ಎರಡೂ ಕಡೆ ಒಂದೇ ಅಳತೆ. ಅಳೆಯುವ ಕೋಲಿಲ್ಲ, ಪೆನ್ಸಿಲ್ ಗುರುತಿಲ್ಲ. ಒಂದು ಕಡೆ ಗೆರೆ ಸ್ವಲ್ಪ ವಾಲಿತ್ತು. ನಾನು ಮೇಷ್ಟ್ರು ನೋಡಿ, ಸುಮ್ಮನಿರಲಾಗದೆ ಅದನ್ನು ತೋರಿಸಿದೆ. 'ಬುಟ್ಟಿ ಅಲ್ಲಿ ವಾಲಿದೆ ತಮ್ಮಾ, ಗೆರೆ ಅದರ ಸಂಗ್ತಿ ಹೋಗಿದೆ' ಅಂದರು. ನೋಡಿದೆ, ಹೌದು, ಬಿದಿರಿನ ನೇಯ್ಗೆಯೇ ಅಲ್ಲಿ ಓರೆಯಾಗಿತ್ತು. ಅವತ್ತಿನಿಂದ ವಿದ್ಯಾರ್ಥಿಗಳ ಗೆರೆ ತಿದ್ದುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಈ ಬುಟ್ಟಿಯನ್ನು ಯಾರೂ ವಿಮರ್ಶೆ ಮಾಡುವುದಿಲ್ಲ, ಬಹುಮಾನ ಕೊಡುವುದಿಲ್ಲ. ಆದರೆ ಅದಿಲ್ಲದೆ ಹಬ್ಬ ನಡೆಯುವುದಿಲ್ಲ. ನಿಮ್ಮ ಅತ್ತೆಗೆ ಮದುವೆಯ ಹಸೆ ಚಿತ್ತಾರವೂ ಬರುತ್ತದೆ ಅಂದರೆ ನಿಲಿ, ಜೋಗಿಜಡೆ, ಬಾಸಿಂಗ ಎಂಬ ವಿನ್ಯಾಸಗಳೆಲ್ಲ ಅವರ ಬೆರಳಲ್ಲಿರುತ್ತವೆ. ಅವನ್ನು ಅವರ ಅಮ್ಮ, ಅತ್ತೆ ಕಲಿಸಿದ್ದು ಕಲೆ ಉಳಿಸಲಿ ಅಂತಲ್ಲ, ಮುಂದಿನ ಮದುವೆ ಸಾಂಗವಾಗಲಿ ಅಂತ. ಧಾರವಾಡದ ಕಡೆಯ ಕಸೂತಿಯೂ ಇದೇ ಜಾತಿಯದು. ಬಟ್ಟೆಯ ಮೇಲೆ ಮೊದಲು ಗೀಚಿಕೊಳ್ಳದೆ, ಎಳೆ ಎಣಿಸಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂಬ ಹೊಲಿಗೆಗಳನ್ನು ಹಾಕುತ್ತಾರೆ. ಒಂದೆಳೆ ತಪ್ಪಿದರೆ ಗೋಪುರ ಸೊಟ್ಟ. ಅದನ್ನು ಹಾಕಿದ ಎಷ್ಟೋ ಹೆಂಗಸರ ಹೆಸರು ಅವರ ಮನೆಯ ಹೊಸಿಲು ದಾಟಲಿಲ್ಲ.

ಎರಡನೆಯ ಬಗೆಯವರಿಗಾಗಿ ಕಾಯುವುದು ಸಮುದಾಯ. ಕರಾವಳಿಯ ಯಕ್ಷಗಾನದಲ್ಲಿ ಹರಕೆ ಆಟ ಅಂತ ಇದೆಯಲ್ಲ, ಮಗುವಿಗೆ ಹುಷಾರಾದರೆ, ಮನೆ ಕಟ್ಟಿ ಮುಗಿದರೆ ದೇವಿಗೆ ಒಂದು ಆಟ ಆಡಿಸುತ್ತೇನೆ ಎಂದು ಹೊತ್ತುಕೊಳ್ಳುವುದು. ಕಟೀಲು ದೇವಸ್ಥಾನದ ಮೇಳಗಳ ಆಟಕ್ಕೆ ಇವತ್ತು ಹೆಸರು ಬರೆಸಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಕಲೆಗೆ ಬೇಡಿಕೆಯೇ ಇಲ್ಲ ಅನ್ನುವವರನ್ನು ನಾನು ಆ ಯಾದಿ ನೋಡಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ದೀಪಾವಳಿಯ ನಂತರ ಗೆಜ್ಜೆ ಕಟ್ಟಿದ ಮೇಳ ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಬಿಚ್ಚುವ ತನಕ ಹೆಚ್ಚುಕಡಿಮೆ ದಿನಾ ಒಂದು ಊರು. ಮಳೆಗಾಲದಲ್ಲಿ ಕಲಾವಿದರು ಬೇರೆ ಕೆಲಸ ನೋಡಿಕೊಳ್ಳುವುದೂ ಉಂಟು.

ನಾನು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ನೋಡಲು ಇಷ್ಟಪಡುವುದು ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷವನ್ನು, ಅಂದರೆ ರಾಕ್ಷಸ ಪಾತ್ರವನ್ನು. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚುಟ್ಟಿ, ಅಂದರೆ ಉಬ್ಬು ಚುಕ್ಕೆ, ಇಡುತ್ತಾ ಹೋಗುತ್ತಾರೆ. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಮುಖ ಅಲ್ಲಾಡಿಸುವಂತಿಲ್ಲ, ಮಾತಿಲ್ಲ, ಮುಂದೆ ಕನ್ನಡಿ, ದೀಪ. ಗಂಟೆಗಟ್ಟಲೆ ಹೀಗೆ ಕೂತು ಮನುಷ್ಯನ ಮುಖ ಹೋಗಿ ಮಹಿಷನ ಮುಖ ಬರುತ್ತದೆ. ಅಷ್ಟು ಹೊತ್ತಿನ ಕೆಲಸ ರಂಗಸ್ಥಳದಲ್ಲಿ ಕಾಣಿಸಿಕೊಳ್ಳುವುದು ಅದಕ್ಕಿಂತ ಕಡಿಮೆ ಹೊತ್ತು. ಇಡೀ ರಾತ್ರಿಯ ಆಟವಾದರೆ, ಬೆಳಗಿನ ಜಾವ ಅದನ್ನೆಲ್ಲ ಕೆರೆದು ತೆಗೆದು, ಎಣ್ಣೆ ಹಚ್ಚಿ ಮುಖ ಒರೆಸಿಕೊಂಡು ಅದೇ ಮನುಷ್ಯ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾನೆ. ಸಂಜೆ ಮತ್ತೆ ಮೊದಲ ಚುಟ್ಟಿ.

ತೊಗಲುಗೊಂಬೆಯವರೂ ಇದೇ ಸಾಲಿನವರು. ಮಳೆ ಬಾರದಿದ್ದರೆ ಗೊಂಬೆ ಆಡಿಸುವ ಪದ್ಧತಿ ಬಯಲುಸೀಮೆಯಲ್ಲಿತ್ತು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ದೆಹಲಿ ಅವರನ್ನು ಕಲಾವಿದೆ ಎಂದು ಕರೆಯುವ ಹೊತ್ತಿಗೆ ಊರಿನವರು ಅವರ ಆಟ ನೋಡಿ ಎಷ್ಟು ತಲೆಮಾರು ಆಗಿತ್ತೋ.

ಮೂರನೆಯ ಬಗೆ, ಕೊಳ್ಳುವವರಿಗಾಗಿ ಮಾಡುವವರು. ಇವರನ್ನು ಕುಶಲಕರ್ಮಿ ಎಂದು ಬೇರೆ ಕೂರಿಸುವ ರೂಢಿ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ಬೀದರಿಗೆ ಹೋಗಿ ಒಬ್ಬ ಬಿದರಿ ಕೆಲಸಗಾರರ ಪಕ್ಕ ಅರ್ಧ ದಿನ ಕೂತು ಬಂದರೆ ನಿಮಗೂ ಒಪ್ಪಿಗೆ ಆಗುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ ಮೊದಲು ಬೂದು ಬಣ್ಣ. ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಚಾಣದಲ್ಲಿ ಬಳ್ಳಿ ಹೂವು ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿ ನಯ ಮಾಡಿದಾಗ ಬೆಳ್ಳಿ ಯಾವುದು, ಸತು ಯಾವುದು ಎಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿಂದ ಮುಂದಿನದು ಮಣ್ಣಿನ ಆಟ. ಬೀದರ್ ಕೋಟೆಯೊಳಗೆ ಬಿಸಿಲು ಮಳೆ ತಾಗದ ಹಳೇ ಮೂಲೆಗಳ ಮಣ್ಣು ತಂದು, ನವಸಾಗರ ಬೆರೆಸಿ, ನೀರಲ್ಲಿ ಕುದಿಸಿ ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಸತುವಿರುವ ಜಾಗವೆಲ್ಲ ಕಾಡಿಗೆ ಕಪ್ಪು. ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ಬರುತ್ತದೆ. ಮಣ್ಣು ಸರಿಯಾದದ್ದು ಹೌದೋ ಅಲ್ಲವೋ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ ಗೊತ್ತೇ? ಚಿಟಿಕೆ ಮಣ್ಣನ್ನು ನಾಲಿಗೆ ಮೇಲಿಟ್ಟು. ಆ ನಾಲಿಗೆ ತಯಾರಾಗಲು ಎಷ್ಟು ವರ್ಷ ಬೇಕು, ಅದನ್ನು ಯಾವ ಕಾಲೇಜಿನ ಸಿಲಬಸ್ಸಿನಲ್ಲಿ ಹಾಕೋಣ? ಈ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಬಿದರಿಯ ಬೆಲೆ ಕೇಳಿ 'ಇಷ್ಟೊಂದಾ?' ಎಂದು ಹಿಂದೆ ಸರಿಯುವ ನಮ್ಮಂಥವರ ಅಭ್ಯಾಸ ಹೋಗಿಲ್ಲ.

ಇಲ್ಲಿ ಒಂದು ಮಾತು ಅಡ್ಡ ಹೇಳಿಬಿಡಬೇಕು. ನಮ್ಮ ಹಳೇ ಕಲಾವಿದರಿಗೆ ಹೆಸರಿನ ಆಸೆಯೇ ಇರಲಿಲ್ಲ, ಎಲ್ಲ ದೇವರಿಗೆ ಅರ್ಪಣೆ ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಹೊಯ್ಸಳರ ಶಿಲ್ಪಿಗಳು ಅದನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಎದುರಾಳಿ ಶಿಲ್ಪಿಗಳನ್ನು ಮಣಿಸಿದವನು ಎಂಬ ಅರ್ಥದ ಬಿರುದುಗಳೂ ಅಲ್ಲಿನ ಬರಹಗಳಲ್ಲಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಎಷ್ಟು ಕಡೆ ಕೆತ್ತಿದ್ದಾನೆಂದರೆ, ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಅದನ್ನು ಹುಡುಕುವುದೇ ಒಂದು ಆಟ. ಶಿಲ್ಪಿಗೆ ಆಗ ಇದ್ದ ಹೆಸರು ರೂವಾರಿ. ಇವತ್ತು ಪತ್ರಿಕೆಯವರು ಶತಕ ಹೊಡೆದವನನ್ನು 'ಗೆಲುವಿನ ರೂವಾರಿ' ಅನ್ನುತ್ತಾರೆ. ಪದ ಕ್ರಿಕೆಟ್ ಮೈದಾನಕ್ಕೆ ಹೋಯಿತು, ಕಲ್ಲು ಕಡೆಯುವವನು ಅದನ್ನು ಕಳೆದುಕೊಂಡ.

ಇನ್ನು ನಿಮ್ಮ ಮಗಳ ವಿಷಯ. ಅವಳು 'ಕಲಾವಿದೆ' ಅಂದಾಗ ಅವಳ ಮನಸ್ಸಿನಲ್ಲಿರುವುದು ಬಹುಶಃ ನಾಲ್ಕನೆಯ ಬಗೆ: ತನ್ನ ಕೋಣೆಯಲ್ಲಿ ಕೂತು ತನಗೆ ಕಂಡದ್ದನ್ನು ಬರೆಯುವವಳು. ಇವಳಿಗಾಗಿ ಕಾಯುವ ಹಬ್ಬ ಇಲ್ಲ, ಹರಕೆ ಇಲ್ಲ, ಗಿರಾಕಿಯೂ ಇಲ್ಲ. ಕೆಲಸ ಮುಗಿದ ಮೇಲೆ ನೋಡುವವರನ್ನು ತಾನೇ ಹುಡುಕಬೇಕು. ನಾಲ್ಕರಲ್ಲಿ ನಮಗೆ ತೀರ ಹೊಸದು ಇದು, ಕಷ್ಟದ್ದೂ ಇದೇ. ಬಂಗಾಳದ ಚಿತ್ರಕಾರ ಅಬನೀಂದ್ರನಾಥ ಟಾಗೋರರ ಬಳಿ ಕಲಿತು ಬಂದ ಕೆ. ವೆಂಕಟಪ್ಪನವರು ಚಿತ್ರದ ಜೊತೆ ವೀಣೆಯನ್ನೂ ಹಿಡಿದು ಒಂಟಿಯಾಗಿ ಸಾಧನೆ ಮಾಡಿದರು. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಗೆ ಹೋದರು, ಪ್ಯಾರಿಸ್ ನೋಡಿದರು, ಗೆರೆಯಲ್ಲಿ ಲಯ ಬರಬೇಕೆಂದು ಕಥಕ್ ಕೂಡ ಕಲಿತರು. ಕುಣಿಯುವವರನ್ನು ಅವರು ಎರಡು ಮೂರು ಗೆರೆಯಲ್ಲಿ ಹಿಡಿದ ಚಿತ್ರ ಎಲ್ಲಾದರೂ ಸಿಕ್ಕರೆ ಮಗಳಿಗೆ ತೋರಿಸಿ. ಆ ಗೆರೆ ಸಲೀಸಾಗಿ ಬಂದದ್ದಲ್ಲ.

ನನ್ನದೂ ಒಂದು ಕಥೆ ಇದೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದೆ. ಇಪ್ಪತ್ತೆರಡು ಚಿತ್ರ, ಏಳು ದಿನ. ಬಾಡಿಗೆಗೆ ಅಣ್ಣನ ಹತ್ತಿರ ಸಾಲ. ಮೊದಲ ದಿನ ಗೆಳೆಯರು ಬಂದು ಚಹಾ ಕುಡಿದು ಹೋದರು. ಮೂರನೇ ದಿನದಿಂದ ಬಂದವರು ಹೆಚ್ಚಾಗಿ ಮಳೆಗೆ ಆಸರೆ ಹುಡುಕಿ ಬಂದವರು. ಕೊನೆಗೆ ಎರಡು ಚಿತ್ರ ಹೋದವು. ಒಂದನ್ನು ನಮ್ಮ ಮಾವನವರು ಮರ್ಯಾದೆಗೆ ಕೊಂಡರು, ಇನ್ನೊಂದನ್ನು ಫ್ರೇಮ್ ಹಾಕಿದವನು ಬಾಕಿಗೆ ವಜಾ ಮಾಡಿಕೊಂಡ. ಅದಾದ ಮೇಲೆ ನಾನು ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದೆ. ಚಿತ್ರ ಬರೆಯುವುದನ್ನು ಮಾತ್ರ ಬಿಡಲಿಲ್ಲ. ನಿಮ್ಮ ಯಜಮಾನರ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದರಲ್ಲಿದೆ: ಈ ನಾಲ್ಕನೆಯ ಬಗೆಯಿಂದ ಬಹಳ ವರ್ಷ ಹೊಟ್ಟೆ ತುಂಬುವುದಿಲ್ಲ, ಎಷ್ಟೋ ಜನರಿಗೆ ಕೊನೆಯವರೆಗೂ ತುಂಬುವುದಿಲ್ಲ. ಪಕ್ಕದಲ್ಲಿ ಇನ್ನೊಂದು ದುಡಿಮೆ ಬೇಕು. ಅವರು ಹೆದರಿರುವುದು ತಪ್ಪಲ್ಲ, ಅವರನ್ನು ರಸಿಕತೆ ಇಲ್ಲದವರು ಎಂದು ಮನೆಯಲ್ಲಿ ಯಾರೂ ಹೀಯಾಳಿಸಬೇಡಿ.

ಆದರೆ ಕೈಯನ್ನು ಇನ್ನೊಬ್ಬರ ಅಗತ್ಯಕ್ಕೆ ಒಪ್ಪಿಸುವ ದಾರಿಯೂ ಇದೆ. ನನ್ನ ಸಹಪಾಠಿಯೊಬ್ಬ ಅಂಗಡಿ ಬೋರ್ಡು, ಸಿನಿಮಾ ಬ್ಯಾನರ್ ಬರೆದು ಮೂವರು ಮಕ್ಕಳನ್ನು ಓದಿಸಿದ. ಫ್ಲೆಕ್ಸ್ ಬಂದು ಅವನ ಅನ್ನಕ್ಕೆ ಕಲ್ಲು ಬಿತ್ತು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ. ಇವತ್ತು ಅನ್ವಯಿಕ ಕಲೆ ಓದಿದವರಿಗೆ ಜಾಹೀರಾತು, ಅನಿಮೇಷನ್, ಗೇಮ್, ಆ್ಯಪ್‌ಗಳ ವಿನ್ಯಾಸ, ಮಕ್ಕಳ ಪುಸ್ತಕದ ಚಿತ್ರ ಹೀಗೆ ಕೆಲಸ ಇದೆ. ಅಲ್ಲೂ ಯಂತ್ರಗಳು ಬಂದು ಕೂತಿವೆ, ನಿಜ. ಕಣ್ಣು ಪಳಗಿದವರಿಗೆ ಯಂತ್ರ ಕೊಟ್ಟದ್ದರಲ್ಲಿ ಏನು ಸೊಟ್ಟ ಎಂದು ಗೊತ್ತಾಗುತ್ತದೆ, ಪಳಗದವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಚಿತ್ರಕಲಾ ಶಿಕ್ಷಕರ ಹುದ್ದೆಗಳು ಅಪರೂಪ, ಅದನ್ನೇ ನಂಬಿ ಸೇರಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಬದುಕಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಹಾಗೇ ಉಳಿಯಿತು. ಮನಸ್ಸಿಗೆ ನೆಮ್ಮದಿ, ಒತ್ತಡ ನಿವಾರಣೆ ಅಂತ ಈಗೆಲ್ಲ ಹೇಳುತ್ತಾರೆ. ನೆಮ್ಮದಿ ಸಿಗಬಹುದು. ನನಗೆ ಮಾತ್ರ ಅರ್ಧ ಮುಗಿದ ಚಿತ್ರದಿಂದ ನಿದ್ದೆ ಕೆಟ್ಟದ್ದೇ ಹೆಚ್ಚು. ನಾನು ಕಂಡ ಪ್ರಯೋಜನ ಬೇರೆ. ಭೂಮಣ್ಣಿ ಬುಟ್ಟಿಗೆ ಚಿತ್ತಾರ ಇಲ್ಲದಿದ್ದರೂ ಅನ್ನ ಗದ್ದೆಗೆ ಹೋಗುತ್ತದೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲೂ ಹೋಗುತ್ತದೆ. ಆಗ ಅದು ಗದ್ದೆಗೆ ಕೊಂಡೊಯ್ದ ಬುತ್ತಿ ಆಗುತ್ತದೆಯೇ ಹೊರತು ಬಸುರಿಗೆ ಬಡಿಸಿದ ಬಯಕೆ ಊಟ ಆಗುವುದಿಲ್ಲ. ಆ ವ್ಯತ್ಯಾಸ ಮಾಡುವುದು ಅಕ್ಕಿ ಹಿಟ್ಟಿನ ನಾಲ್ಕು ಗೆರೆ. ನಿಮ್ಮ ಮನೆಯಲ್ಲೇ ನೋಡಿ: ಹಬ್ಬದ ದಿನ ರಂಗೋಲಿ ಇಲ್ಲದ ಬಾಗಿಲ ಮುಂದೆ ನಿಂತಾಗ, 'ಯಾಕೆ, ಈ ಮನೆಯಲ್ಲಿ ಏನಾಯಿತು?' ಎಂದು ಮನಸ್ಸು ಕೇಳುತ್ತದೆಯಲ್ಲ? ಸೂತಕದ ಮನೆಯಲ್ಲಿ ಮಾತ್ರ ರಂಗೋಲಿ ನಿಲ್ಲುತ್ತದೆ. ನಮ್ಮ ಹಿರಿಯರು ಕಲೆಯ ಬೆಲೆ ಕುರಿತು ಗ್ರಂಥ ಬರೆಯದಿದ್ದರೂ ಇಷ್ಟನ್ನು ಅಂಗಳದಲ್ಲಿ ಬರೆದಿಟ್ಟಿದ್ದಾರೆ.

ಇನ್ನೊಂದು, ಅದು ನೋಡುವುದನ್ನು ಕಲಿಸುತ್ತದೆ. ಚಿತ್ರಕಾರರಾಗದೆ ಬ್ಯಾಂಕಿಗೆ, ಹೊಲಕ್ಕೆ, ಆಸ್ಪತ್ರೆಗೆ ಹೋದ ನನ್ನ ವಿದ್ಯಾರ್ಥಿಗಳು ಎಷ್ಟೋ ಜನ. ಅವರಲ್ಲಿ ಒಬ್ಬಳು ನರ್ಸ್ ಆಗಿದ್ದಾಳೆ. 'ಸರ್, ರೋಗಿಯ ತುಟಿಯ ಬಣ್ಣ ಬದಲಾದದ್ದು ನನಗೇ ಮೊದಲು ಕಾಣುತ್ತೆ' ಅಂದಳು ಒಮ್ಮೆ. ನಾನು ಅವಳಿಗೆ ಕಲಿಸಿದ್ದು ಬೂದು ಬಣ್ಣದಲ್ಲಿ ಹನ್ನೆರಡು ಮೆಟ್ಟಿಲು ಮಾಡುವುದನ್ನು. ಆಗ ಅವಳು ಬೈದುಕೊಂಡೇ ಮಾಡಿದ್ದಳು.

ಇನ್ನು ಏನು ಮಾಡಬಹುದು ಅಂದರೆ, ಬಿವಿಎ ನಾಲ್ಕು ವರ್ಷದ ಕೋರ್ಸು. ಮೊದಲು ಎಲ್ಲದರ ಬುನಾದಿ, ಆಮೇಲೆ ಚಿತ್ರಕಲೆ, ಶಿಲ್ಪ, ಅನ್ವಯಿಕ ಕಲೆ ಮುಂತಾಗಿ ಆಯ್ಕೆ. ಮೈಸೂರಿನಲ್ಲಿ ಕಾವಾ ಎಂಬ ಕಲಾ ಕಾಲೇಜು, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇವೆ. ಆದರೆ ಅಷ್ಟು ದೂರ ಯಾಕೆ, ನಿಮ್ಮ ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಒಂದು ದಿನ ಅಪ್ಪ ಮಗಳು ಇಬ್ಬರೂ ಹೋಗಿ, ಕಚೇರಿಗಲ್ಲ, ಸ್ಟುಡಿಯೋಗೆ ಹೋಗಿ, ಕೊನೆಯ ವರ್ಷದ ಮಕ್ಕಳ ಹತ್ತಿರ ಮಾತಾಡಿ ಬರಲಿ. ಹಿಂದಿನ ಬ್ಯಾಚಿನವರು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಲಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, ಕಲಾವಿದರು ತಮ್ಮ ಚಿತ್ರ ತಾವೇ ಮಾರುವ ಸಂತೆ. ಅಲ್ಲಿಗೂ ಯಜಮಾನರನ್ನು ಎಳೆದುಕೊಂಡು ಹೋಗಿ. ಚಿತ್ರ ನೋಡುವುದು ಹಾಗಿರಲಿ, ಸಂಜೆ ಐದಕ್ಕೆ ಯಾರ ಗೋಡೆ ಖಾಲಿಯಾಗಿದೆ, ಯಾರದು ಹಾಗೇ ಇದೆ ಅಂತ ಅವರೇ ಎಣಿಸಲಿ. ಲೆಕ್ಕದವರಿಗೆ ಲೆಕ್ಕವೇ ಅರ್ಥವಾಗುವುದು. ಆದರೆ ಪಿಯುಸಿಯನ್ನು ಮಗಳು ಚೆನ್ನಾಗಿ ಮುಗಿಸಬೇಕು ಎಂಬ ಷರತ್ತನ್ನು ನೀವು ಹಾಕಿದರೆ ನಾನು ಅಡ್ಡ ಬರುವುದಿಲ್ಲ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮನೆಯಲ್ಲೇ ಆಗಲಿ. ಈ ಸಲದ ಭೂಮಿ ಹುಣ್ಣಿಮೆಗೆ ಇನ್ನೂ ದಿನ ಇದೆ. ಅಜ್ಜಿಯ ಪಕ್ಕ ಕೂತು ಒಂದು ಬುಟ್ಟಿಯನ್ನು ಪೂರ್ತಿ ಅವಳೇ ಬರೆಯಲಿ. ಪೆನ್ಸಿಲ್ ಇಲ್ಲದೆ, ಫೋನ್ ಇಲ್ಲದೆ. ಬೆನ್ನು ನೋಯುತ್ತದೆ, ಅಕ್ಕಿ ಹಿಟ್ಟು ಒಣಗಿ ಬಿರಿಯುತ್ತದೆ, ಅಜ್ಜಿ ಅಳಿಸಿ ಮತ್ತೆ ಬರಿ ಅನ್ನುತ್ತಾರೆ. ಮೂರನೇ ಸಲವೂ ಬರೆಯಲು ಕೂತಳು ಅಂದರೆ ನನಗೊಂದು ಕಾಗದ ಹಾಕಿ. ಕೆಮ್ಮಣ್ಣು, ಪುಂಡಿ ನಾರು ದಾವಣಗೆರೆಯಲ್ಲೂ ಹೇಗೋ ಸಿಗುತ್ತವೆ. ಗುರಿಗೆ ಕಾಯಿಯನ್ನು ಮಾತ್ರ ಸಾಗರದ ಕಡೆಯಿಂದ ಯಾರಾದರೂ ಬರುವಾಗ ತರಿಸಿಕೊಳ್ಳಿ. ಅಂಗಡಿಯ ಹಳದಿ ಪುಡಿ ಕಂಡರೆ ನಿಮ್ಮ ಅತ್ತೆಯವರು ಒಪ್ಪಲಾರರು ಅಂತ ನನ್ನ ಅಂದಾಜು.